ಅತ್ತೆಯ ಹೆಬ್ಬೆಟ್ಟು ಮನೆಯಲ್ಲೇ ಇತ್ತು, ಹಣ ಮಾತ್ರ ಹೋಯಿತು. ಈಗ ಯಾವುದನ್ನು ಮೊದಲು ಮಾಡಲಿ?

ತುಮಕೂರು ಟೀಚರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ. ನಾಲ್ಕು ದಿನದಿಂದ ನಿದ್ದೆ ಇಲ್ಲ.

ನಮ್ಮ ಅತ್ತೆಗೆ 71 ವರ್ಷ. ತಿಪಟೂರು ಹತ್ತಿರದ ಹಳ್ಳಿಯಲ್ಲಿ ಮೈದುನನ ಜೊತೆ ಇದ್ದಾರೆ. ಎಟಿಎಂ ಕಾರ್ಡ್ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲ. ಹಾಗಾಗಿ ಈ ಆನ್‌ಲೈನ್ ಕಳ್ಳರ ಕಾಟ ಅವರಿಗಂತೂ ತಟ್ಟುವುದಿಲ್ಲ ಎಂದು ನಾವು ನೆಮ್ಮದಿಯಾಗಿದ್ದೆವು. ಒಟಿಪಿಯೇ ಬಾರದವರ ಹತ್ತಿರ ಯಾರು ಬಂದು ಒಟಿಪಿ ಕೇಳುತ್ತಾರೆ, ಅಲ್ವಾ?

ಸೋಮವಾರ ಅವರು ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿಗೆ ಹೋಗಿದ್ದರು. ಗೃಹಲಕ್ಷ್ಮಿ ಹಣ ಬಂದಿದೆಯಾ ನೋಡೋಣ ಅಂತ. ಅದು ಬಂದಿತ್ತು. ಅದರ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಒಂದು ದಿನ 10,000 ರೂಪಾಯಿ ತೆಗೆದಿದ್ದಾರೆ, ಮಾರನೇ ದಿನ 7,500. ಉಳಿದಿದ್ದು 612 ರೂಪಾಯಿ. ಕೊಬ್ಬರಿ ಮಾರಿದಾಗ ಮೈದುನ ಕೊಟ್ಟಿದ್ದು, ಗೃಹಲಕ್ಷ್ಮಿಯ ಕಂತುಗಳು, ಎಲ್ಲ ಸೇರಿಸಿ ಮೊಮ್ಮಗಳಿಗೆ ಓಲೆ ಮಾಡಿಸಬೇಕು ಅಂತ ಇಟ್ಟುಕೊಂಡಿದ್ದ ದುಡ್ಡು.

ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, "ಅಜ್ಜಿ, ನೀವೇ ಹೆಬ್ಬೆಟ್ಟು ಕೊಟ್ಟು ತೆಗೆದಿದ್ದೀರಲ್ಲ, ಮರೆತಿದ್ದೀರಾ?" ಅಂದರಂತೆ. ಅತ್ತೆ ಮೊದಲು ತಮ್ಮನ್ನೇ ಅನುಮಾನಿಸಿಕೊಂಡರು. ರಾತ್ರಿ ನನಗೆ ಫೋನ್ ಮಾಡಿ, "ನನಗೆ ಅರಳು ಮರಳು ಶುರುವಾಯ್ತೇನೋ ಕಣಮ್ಮ" ಅಂತ ಅತ್ತರು. ನನಗೆ ಹೊಟ್ಟೆ ಉರಿದದ್ದು ಅಲ್ಲಿ. ಹಣ ಹೋದದ್ದಕ್ಕಿಂತ ಜಾಸ್ತಿ.

ಹಣ ತೆಗೆದ ಮೊದಲನೇ ದಿನ ಅತ್ತೆ ಹಳ್ಳಿಯಲ್ಲೇ ಇರಲಿಲ್ಲ. ನಮ್ಮ ನಾದಿನಿ ಮಗುವಿನ ನಾಮಕರಣಕ್ಕೆ ತುಮಕೂರಿನಲ್ಲಿ ನಮ್ಮ ಮನೆಯಲ್ಲಿದ್ದರು. ಬೆಳಗ್ಗೆಯಿಂದ ತೊಟ್ಟಿಲ ಪಕ್ಕ ಕೂತಿರುವ ಫೋಟೋಗಳಿವೆ.

ಇನ್ನೊಂದು ಹೇಳಲೇಬೇಕು. ಇಷ್ಟು ವರ್ಷ ತೆಂಗಿನಕಾಯಿ ಸುಲಿದು ಅತ್ತೆಯ ಬೆರಳ ಗೆರೆಗಳೆಲ್ಲ ಸವೆದಿವೆ. ರೇಷನ್ ಅಂಗಡಿಯಲ್ಲಿ ಐದು ಸಲ ಒತ್ತಿಸುತ್ತಾರೆ, ಬೆರಳು ಒರೆಸಿಕೊಂಡು ಬನ್ನಿ ಅನ್ನುತ್ತಾರೆ, ಕೊನೆಗೆ ಮೈದುನನೇ ಹೋಗಿ ಕೊಡಬೇಕು. ಅಸಲಿ ಬೆರಳನ್ನು ಒಪ್ಪದ ಮೆಷಿನ್ ಕಳ್ಳನ ಬೆರಳನ್ನು ಒಪ್ಪಿದೆ ನೋಡಿ.

ಬೆರಳಚ್ಚು ಕಳ್ಳನಿಗೆ ಎಲ್ಲಿಂದ ಸಿಕ್ಕಿತು ಅಂತ ನಾವು ತಲೆ ಕೆಡಿಸಿಕೊಂಡಿದ್ದೇವೆ. ನಾಲ್ಕು ತಿಂಗಳ ಹಿಂದೆ ಜಮೀನಿನ ವಿಭಾಗ ಪತ್ರ ನೋಂದಣಿ ಆಯಿತು. ಎಲ್ಲರ ಆಧಾರ್ ಜೆರಾಕ್ಸ್ ಕೊಟ್ಟೆವು, ಹೆಬ್ಬೆಟ್ಟು ಕೊಟ್ಟೆವು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಹಣ ತೆಗೆದ ಕೇಸುಗಳ ಸುದ್ದಿ ಸಾಲು ಸಾಲಾಗಿ ಬಂದಿತ್ತಲ್ಲ, ಅದು ನೆನಪಾಯಿತು. ಆದರೆ ನಮ್ಮದು ಅಲ್ಲಿಂದಲೇ ಹೋಯಿತು ಅನ್ನಲು ಕೈಯಲ್ಲಿ ಏನೂ ಇಲ್ಲ.

ಮಂಗಳವಾರ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ದೂರು ತೆಗೆದುಕೊಂಡರು, ನಂಬರ್ ಕೊಟ್ಟರು. ಆಮೇಲೆ ಭಯ ಹತ್ತಿತು. ಮನೆಯವರೆಲ್ಲರದ್ದೂ ಚೆಕ್ ಮಾಡಲು ಕೂತೆ. ಕೂರಬಾರದಿತ್ತು ಅನಿಸುತ್ತಿದೆ.

ಒಂದು: ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ತೋರಿಸುವ ಸರ್ಕಾರದ ಸಂಚಾರ ಸಾಥಿ ವೆಬ್‌ಸೈಟಿನಲ್ಲಿ ನಮ್ಮ ಯಜಮಾನರ ನಂಬರ್ ಹಾಕಿ ನೋಡಿದೆ. ಅವರ ಹೆಸರಿನಲ್ಲಿ ನಾಲ್ಕು ಸಿಮ್ ಇವೆ. ಇವರ ಹತ್ತಿರ ಇರುವುದು ಎರಡು. ಕೇಳಿದರೆ ತಲೆ ಕೆರೆದುಕೊಂಡು, "ಬಸ್ ಸ್ಟ್ಯಾಂಡ್ ಹತ್ತಿರ ಛತ್ರಿ ಕೆಳಗೆ ಸಿಮ್ ಮಾರ್ತಿದ್ದ ಹುಡುಗ, ಬರ್ಲಿಲ್ಲ ಸಾರ್ ಇನ್ನೊಂದ್ಸಲ ಒತ್ತಿ ಅಂತ ಮೂರು ಸಲ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದ" ಅಂದರು.

ಎರಡು: ನನ್ನ ಸಿಬಿಲ್ ರಿಪೋರ್ಟ್, ಅಂದರೆ ನನ್ನ ಹೆಸರಿನಲ್ಲಿರುವ ಸಾಲಗಳ ದಾಖಲೆ, ತೆಗೆದೆ. ನನ್ನ ಪ್ಯಾನ್ ಮೇಲೆ ಯಾವುದೋ ಆಪ್‌ನವರ 6,000 ರೂಪಾಯಿ ಸಾಲ ಇದೆ, 2021ರದ್ದು. ಕಟ್ಟಿಲ್ಲ ಅಂತ ಇದೆ. ನಾನು ಜೀವನದಲ್ಲಿ ಆಪ್ ಸಾಲ ಮಾಡಿದವಳಲ್ಲ. ಆದರೆ ಲಾಕ್‌ಡೌನ್ ಟೈಮಿನಲ್ಲಿ, ಮನೆಯಲ್ಲೇ ಕೂತು ಟ್ಯೂಷನ್ ಮಾಡುವ ಕೆಲಸ ಕೊಡುತ್ತೇವೆ ಅಂದವರಿಗೆ ಪ್ಯಾನ್, ಆಧಾರ್, ಜೊತೆಗೆ ಕಾರ್ಡ್ ಹಿಡಿದುಕೊಂಡು ಒಂದು ಸೆಲ್ಫಿ ಕಳಿಸಿದ್ದೆ. ಕೆಲಸ ಬರಲಿಲ್ಲ. ಸೆಲ್ಫಿ ಮಾತ್ರ ಕೆಲಸ ಮಾಡಿದೆ.

ಮೂರು: ಅತ್ತೆಯ ಆಧಾರ್‌ಗೂ ಬ್ಯಾಂಕಿಗೂ ಕೊಟ್ಟಿರುವುದು ನಮ್ಮ ಮಾವನ ನಂಬರ್. ಮಾವ ತೀರಿಕೊಂಡು ನಾಲ್ಕು ವರ್ಷ ಆಯಿತು. ಸಿಮ್‌ಗೆ ರೀಚಾರ್ಜ್ ಮಾಡಲಿಲ್ಲ, ಸತ್ತುಹೋಯಿತು. ಈಗ ಆ ನಂಬರಿಗೆ ಫೋನ್ ಮಾಡಿದರೆ ರಾಯಚೂರಿನ ಯಾರೋ ಹುಡುಗ ಎತ್ತುತ್ತಾನೆ. ಬ್ಯಾಂಕಿನ ಮೆಸೇಜ್ ಎಲ್ಲ ಅವನಿಗೆ ಹೋಗುತ್ತಿತ್ತು ಅಂತ ಕಾಣುತ್ತೆ. ಪಾಪ, "ಅಜ್ಜಿ ಹಣ ತೆಗೆದ ಮೆಸೇಜ್ ನನಗ್ಯಾಕೆ ಬರುತ್ತೆ ಅಂದ್ಕೊಂಡೆ ಅಕ್ಕ" ಅಂದ.

ಈಗ ನನ್ನ ಪ್ರಶ್ನೆ. ಅತ್ತೆಯ ಬಯೋಮೆಟ್ರಿಕ್ ಲಾಕ್ ಮಾಡಬೇಕು, ಅಂದರೆ ಆಧಾರ್‌ನಲ್ಲಿರುವ ಬೆರಳು, ಕಣ್ಣಿನ ಗುರುತಿಗೆ ಬೀಗ ಹಾಕಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಒಟಿಪಿ ಬೇಕು. ಒಟಿಪಿ ರಾಯಚೂರಿಗೆ ಹೋಗುತ್ತೆ. ಲಾಕ್ ಮಾಡಿದರೆ ಗೃಹಲಕ್ಷ್ಮಿ, ರೇಷನ್ ನಿಲ್ಲುತ್ತೆ ಅಂತ ಮೈದುನ ಹೆದರಿಸುತ್ತಿದ್ದಾನೆ. ಬ್ಯಾಂಕಿನವರು ಹಣ ವಾಪಸ್ ಬರಲ್ಲ ಅನ್ನುತ್ತಾರೆ. ಯಾವುದನ್ನು ಮೊದಲು ಮಾಡಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ನಿವೃತ್ತ ಮ್ಯಾನೇಜರ್, ಹಾಸನ:

ಮೇಡಂ, ಮೊದಲು ನಿಮ್ಮ ಅತ್ತೆಯವರಿಗೆ ಹೇಳಿ, ಅವರಿಗೆ ಅರಳು ಮರಳಲ್ಲ. 31 ವರ್ಷ ಕೌಂಟರಿನ ಆ ಕಡೆ ಕೂತವನು ನಾನು. "ಸಿಸ್ಟಮ್‌ನಲ್ಲಿ ಸಕ್ಸಸ್ ಅಂತಿದೆ" ಅಂದರೆ ಬೆರಳಚ್ಚು ತಾಳೆ ಆಯಿತು ಅಂತ ಮಾತ್ರ. ಬೆರಳು ಯಾರ ಕೈಯಲ್ಲಿತ್ತು ಅಂತ ಸಿಸ್ಟಮ್‌ಗೆ ಗೊತ್ತಾಗುವುದಿಲ್ಲ.

ಹೀಗೆ ಆಧಾರ್ ಮತ್ತು ಬೆರಳಚ್ಚಿನಿಂದ ಹಣ ತೆಗೆಯುವ ವ್ಯವಸ್ಥೆಗೆ ಎಇಪಿಎಸ್ ಅಂತಾರೆ. ಹಳ್ಳಿ ಕಡೆ ಬ್ಯಾಂಕ್ ಮಿತ್ರ, ಸೇವಾ ಕೇಂದ್ರ ಇವರ ಹತ್ತಿರ ಇರುವ ಪುಟ್ಟ ಮೆಷಿನ್. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳು, ಇಷ್ಟೇ ಸಾಕು. ಪಿನ್ ಬೇಡ, ಒಟಿಪಿ ಬೇಡ. ಬ್ಯಾಂಕಿಗೆ ಹೋಗಲಾಗದ ವಯಸ್ಸಾದವರಿಗೆ ಮನೆ ಬಾಗಿಲಲ್ಲೇ ಹಣ ಸಿಗಲಿ ಅಂತ ಮಾಡಿದ್ದು. ಒಳ್ಳೆಯದೇ. ಒಂದು ಸಲಕ್ಕೆ 10,000ದ ಮಿತಿ ಇದೆ. ನಿಮ್ಮಲ್ಲಿ ಮೊದಲನೇ ದಿನ ಸರಿಯಾಗಿ 10,000 ಹೋಗಿರುವುದು ಅದಕ್ಕೇ.

ಯಾವುದು ಮೊದಲು ಅಂದಿರಿ. ನಾಳೆ ಬೆಳಗ್ಗೆ ಬ್ಯಾಂಕು. ಬಾಯಲ್ಲಿ ಹೇಳಬೇಡಿ, ಕಾಗದದಲ್ಲಿ ಕೊಡಿ. ಎರಡು ಪ್ರತಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ಮೂರು ವಿಷಯ ಬರೆಯಿರಿ. ಈ ಎರಡು ವ್ಯವಹಾರ ನಾನು ಮಾಡಿಲ್ಲ. ನನ್ನ ಖಾತೆಯಿಂದ ಆಧಾರ್ ಮೂಲಕ ಹಣ ತೆಗೆಯುವುದನ್ನು ಈ ಕ್ಷಣದಿಂದ ನಿಲ್ಲಿಸಿ. ನನ್ನ ಮೊಬೈಲ್ ನಂಬರ್ ಬದಲಿಸಿ. ಇದಕ್ಕೆ ಆಧಾರ್ ಒಟಿಪಿ ಏನೂ ಬೇಡ, ಪಾಸ್‌ಬುಕ್ಕು ಅತ್ತೆಯವರು ಖುದ್ದಾಗಿ ಹೋದರೆ ಆಯಿತು. ಆಧಾರ್ ಲಾಕ್ ಆಗಲು ಹತ್ತು ದಿನ ಹಿಡಿಯಬಹುದು. ಅಲ್ಲಿಯವರೆಗೆ ಉಳಿದ 612 ಕೂಡ, ಮುಂದಿನ ಗೃಹಲಕ್ಷ್ಮಿ ಕಂತು ಕೂಡ ಅಪಾಯದಲ್ಲೇ ಇರುತ್ತೆ.

ಹಣ ವಾಪಸ್ ಬರಲ್ಲ ಅಂದವರಿಗೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ನೆನಪಿಸಿ. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೇಲೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಒಂದು ಪೈಸೆ ನಷ್ಟ ಇಲ್ಲ. ನಾಲ್ಕರಿಂದ ಏಳು ದಿನ ಆದರೆ ಸ್ವಲ್ಪ ಭಾಗ ಗ್ರಾಹಕರ ತಲೆಗೆ. ನಿಮ್ಮಲ್ಲಿ ತಕರಾರು ಬರುವುದು ಇಲ್ಲೇ, "ಮೆಸೇಜ್ ಅವತ್ತೇ ಕಳಿಸಿದ್ದೇವೆ" ಅನ್ನುತ್ತಾರೆ. ಪಾಸ್‌ಬುಕ್ ಎಂಟ್ರಿಯ ದಿನವೇ ನಮಗೆ ಗೊತ್ತಾದದ್ದು ಅಂತ ದಿನಾಂಕ ಸಮೇತ ಬರೆಯಿರಿ. ತಪ್ಪು ಗ್ರಾಹಕರದ್ದು ಅಂತ ತೋರಿಸುವ ಹೊಣೆ ಬ್ಯಾಂಕಿನದ್ದು, ಅದೂ ಅದೇ ಸುತ್ತೋಲೆಯಲ್ಲಿದೆ. ತಿಳಿಸಿದ ಹತ್ತು ಕೆಲಸದ ದಿನದಲ್ಲಿ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದಲ್ಲಿ ತೀರ್ಮಾನ ಮಾಡಬೇಕು. 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಇಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ, ವಕೀಲರು ಬೇಡ.

ಒಂದು ಕಿವಿಮಾತು. ವಿಭಾಗ ಪತ್ರದ ವಿಷಯ ದೂರಿನಲ್ಲಿ "ಅಲ್ಲಿಂದಲೇ ಸೋರಿದೆ" ಅಂತ ಬರೆಯಬೇಡಿ. ಇಂಥ ದಿನ ಇಂಥ ಕಡೆ ಹೆಬ್ಬೆಟ್ಟು ಕೊಟ್ಟಿದ್ದೇವೆ ಅಂತಷ್ಟೇ ಬರೆಯಿರಿ. ಊಹೆ ಬರೆದರೆ ಎಲ್ಲರೂ ಆ ಊಹೆಯ ಮೇಲೇ ಜಗಳ ಆಡುತ್ತಾರೆ, 17,500 ಮರೆತುಹೋಗುತ್ತೆ. ನಾಮಕರಣದ ಫೋಟೋ ಪ್ರಿಂಟ್ ಹಾಕಿಸಿ ಲಗತ್ತಿಸಿ. ಅದು ಬಂಗಾರ.

ಕಡೂರು ಕಂಪ್ಯೂಟರ್:

ನಾನು ಆ ಪುಟ್ಟ ಮೆಷಿನ್ ಇಟ್ಟುಕೊಂಡಿರುವವನೇ. ಮ್ಯಾನೇಜರ್ ಸಾರ್ ಹೇಳಿದ್ದು ಸರಿ. ನಮ್ಮಲ್ಲೂ ಕಳ್ಳರಿದ್ದಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಬಂದಿರುವ ಎಲ್1 ಮೆಷಿನ್ ಜೀವಂತ ಬೆರಳೋ, ಸಿಲಿಕಾನ್‌ನಲ್ಲಿ ಅಚ್ಚು ಹೊಯ್ದದ್ದೋ ಅಂತ ನೋಡುತ್ತೆ. ಮೊದಲಿನವು ನೋಡುತ್ತಿರಲಿಲ್ಲ.

ಟೀಚರ್, ನಿಮ್ಮ ಮೈದುನನಿಗೆ ಹೇಳಿ. ಬಯೋಮೆಟ್ರಿಕ್ ಲಾಕ್ ಮಾಡಿದರೆ ಗೃಹಲಕ್ಷ್ಮಿ ನಿಲ್ಲಲ್ಲ. ಆ ಹಣ ಬರುವುದು ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅನ್ನುವುದರ ಮೇಲೆ. ಹಣ ಬರಲು ಬೆರಳು ಬೇಡ, ಮೆಷಿನ್‌ನಲ್ಲಿ ತೆಗೆಯಲು ಮಾತ್ರ ಬೇಕು. ಲಾಕ್ ಆದ ಮೇಲೆ ಅತ್ತೆಯವರು ಬ್ಯಾಂಕಿಗೇ ಹೋಗಿ ಸ್ಲಿಪ್ ಬರೆದು ತೆಗೆಯಬೇಕು, ಅಷ್ಟೇ.

ರೇಷನ್‌ಗೆ ಬೆರಳು ಬೇಕು, ನಿಜ. ಲಾಕ್ ಆಗಿದ್ದರೆ 330 ಅಂತ ಎರರ್ ಬರುತ್ತೆ. ಹೇಗೂ ನಿಮ್ಮ ಮೈದುನನೇ ಹೋಗಿ ಒತ್ತುತ್ತಿದ್ದಾರಲ್ಲ, ತೊಂದರೆ ಇಲ್ಲ. ಬೇಕಾದ ದಿನ ಆಧಾರ್‌ನವರ ಆಪ್‌ನಲ್ಲಿ ಸ್ವಲ್ಪ ಹೊತ್ತಿಗೆ ತೆರೆಯಬಹುದು, ಮತ್ತೆ ತಾನೇ ಲಾಕ್ ಆಗುತ್ತೆ. ಪಿಂಚಣಿದಾರರ ಮನೆಯವರು ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರ ಕೊಡುವಾಗ ಮರೆಯಬೇಡಿ. ಹೋದ ವರ್ಷ ನಮ್ಮಲ್ಲಿಗೆ ಒಬ್ಬರು ನಿವೃತ್ತ ಮೇಷ್ಟ್ರು ಮೂರು ದಿನ ಅಲೆದರು. ಲಾಕ್ ಮಾಡಿದ್ದು ಬೆಂಗಳೂರಿನ ಮಗ, ಅಪ್ಪನಿಗೆ ಹೇಳೇ ಇರಲಿಲ್ಲ.

ಒಟಿಪಿಗೆ ಮಾತ್ರ ಬೇರೆ ದಾರಿ ಇಲ್ಲ. ಮೊದಲು ಆಧಾರ್‌ನಲ್ಲಿ ಮೊಬೈಲ್ ನಂಬರ್ ಬದಲಿಸಬೇಕು. ಅತ್ತೆಯವರೇ ಆಧಾರ್ ಕೇಂದ್ರಕ್ಕೋ ಆಧಾರ್ ಕೆಲಸ ಮಾಡುವ ಅಂಚೆ ಕಚೇರಿಗೋ ಹೋಗಬೇಕು. ಬೆರಳು ಬಾರದಿದ್ದರೆ ಕಣ್ಣು ಸ್ಕ್ಯಾನ್ ಮಾಡಿ ಅಂತ ನೀವೇ ಕೇಳಿ. ಕೆಲವರು ಬೆರಳು ಬರಲಿಲ್ಲ ಅಂತ ವಾಪಸ್ ಕಳಿಸಿಬಿಡುತ್ತಾರೆ. ನಂಬರ್ ಬದಲಾದ ಮೇಲೆ ಲಾಕ್ ಮಾಡುವ ಮುಂಚೆ ಇನ್ನೊಂದು ಕೆಲಸ ಮಾಡಿ. ಮೈಆಧಾರ್ ವೆಬ್‌ಸೈಟಿನಲ್ಲಿ ಆಥೆಂಟಿಕೇಶನ್ ಹಿಸ್ಟರಿ ಅಂತ ಇದೆ. ಹಿಂದಿನ ಆರು ತಿಂಗಳಲ್ಲಿ ಅವರ ಆಧಾರ್ ಯಾವ ಸಂಸ್ಥೆಯ ಮೂಲಕ, ಎಷ್ಟು ಗಂಟೆಗೆ ಬಳಕೆಯಾಯಿತು ಅಂತ ತೋರಿಸುತ್ತೆ. ಪ್ರಿಂಟ್ ತೆಗೆಯಿರಿ. ಆ ಗಂಟೆ, ನಾಮಕರಣದ ಫೋಟೋದ ಗಂಟೆ, ಎರಡನ್ನೂ ಪಕ್ಕಪಕ್ಕ ಇಟ್ಟು ಪೊಲೀಸರಿಗೆ ಕೊಡಿ.

ಆಮೇಲೆ ಎಲ್ಲರಿಗೂ ಒಂದು ಮಾತು. ನಮ್ಮಂಥ ಅಂಗಡಿಗಳ ವಾಟ್ಸಾಪ್‌ಗೆ ಆಧಾರ್ ಪಿಡಿಎಫ್ ಕಳಿಸಿ ಪ್ರಿಂಟ್ ತೆಗೆದುಕೊಂಡು ಹೋಗುತ್ತೀರಲ್ಲ, ಅದು ನಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತೆ. ಪಾಸ್‌ವರ್ಡ್ ಇದೆಯಲ್ಲ ಅನ್ನಬೇಡಿ. ಹೆಸರಿನ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಅದನ್ನು ನೀವೇ ಕೂಗಿ ಹೇಳುತ್ತೀರಿ, ಹಿಂದೆ ಸಾಲಿನಲ್ಲಿ ಆರು ಜನ ನಿಂತಿರುತ್ತಾರೆ. ನಾನು ದಿನಾ ಸಂಜೆ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡುತ್ತೇನೆ. ಎಲ್ಲರೂ ಮಾಡುತ್ತಾರೆ ಅಂತ ಹೇಳಲಾರೆ. ನಿಮ್ಮ ಎದುರೇ ಅಳಿಸಿ ಅಂತ ಕೇಳಿ, ನಾವೇನೂ ಬೇಜಾರು ಮಾಡಿಕೊಳ್ಳಲ್ಲ.

ಸೈಬರ್ ಹಣ ವಾಪಸಿ ಕೇಂದ್ರ:

[ಈ ಕಾಮೆಂಟ್ ತೆಗೆದುಹಾಕಲಾಗಿದೆ. ಹೋದ ಹಣ ವಾಪಸ್ ಕೊಡಿಸುತ್ತೇನೆ, ಮೊದಲು ಫೀಸು ಕಳಿಸಿ ಎಂದು ಫೋನ್ ನಂಬರ್ ಹಾಕಿದ್ದರು. ಯಾರಿಗಾದರೂ ಖಾಸಗಿ ಮೆಸೇಜ್ ಬಂದಿದ್ದರೆ ಉತ್ತರಿಸಬೇಡಿ, ನಮಗೆ ತಿಳಿಸಿ. ನಿರ್ವಾಹಕರು]

ಕಡೂರು ಕಂಪ್ಯೂಟರ್:

ನೋಡಿದ್ರಾ, ಹೆಣ ಬಿದ್ದ ಕಡೆ ಹದ್ದು.

ಬರೀ ಓದುಗ:

ಟೀಚರ್, ಆ 6,000 ಕಟ್ಟಿ ಕೈ ತೊಳೆದುಕೊಳ್ಳಿ. ಅದಕ್ಕೆ ಯಾರು ಅಲೆಯುತ್ತಾರೆ? ನಿಮ್ಮ ಒಂದು ದಿನದ ರಜೆಗಿಂತ ಜಾಸ್ತಿ ಏನಲ್ಲ.

ಸಾಲ ಮಾಡದ ಸಾಲಗಾರ, ಹುಬ್ಬಳ್ಳಿ:

ಕಟ್ಟಬ್ಯಾಡ್ರಿ ಅಕ್ಕಾರ! ಒಂದು ರೂಪಾಯಿನೂ ಕಟ್ಟಬ್ಯಾಡ್ರಿ.

ನನ್ನ ಮೇಲೆ ಇಂಥವು ಮೂರು ಇದ್ದವು. ಮೊದಲನೆಯದನ್ನು ನಾನೂ ಹೀಗೇ ಪೀಡೆ ತೊಲಗಲಿ ಅಂತ ಕಟ್ಟಿದೆ. ಕಟ್ಟಿದ ಮೇಲೆ ಅವರು ಹೇಳಿದ್ದು, "ನಿಮ್ಮ ಸಾಲ ಅಲ್ಲದಿದ್ದರೆ ಯಾಕೆ ಕಟ್ಟಿದಿರಿ?" ಸಾಲ ನನ್ನದೇ ಅಂತ ನಾನೇ ಒಪ್ಪಿಕೊಂಡ ಹಾಗಾಯಿತು. ಅದೂ ಅಲ್ಲದೆ ಕಡಿಮೆ ಕಟ್ಟಿಸಿಕೊಂಡು ರಿಪೋರ್ಟಿನಲ್ಲಿ "ಸೆಟಲ್ಡ್" ಅಂತ ಬರೆದರು. ಮನೆ ಸಾಲಕ್ಕೆ ಹೋದಾಗ ಆ ಒಂದು ಪದ ನೋಡಿ ಬ್ಯಾಂಕಿನವರು ಮುಖ ಸಿಂಡರಿಸಿದರು.

ಉಳಿದ ಎರಡಕ್ಕೆ ಮಾಡಿದ್ದು ಹೇಳುತ್ತೇನೆ. ಮೊದಲು ನಾಲ್ಕೂ ಕಡೆಯ ರಿಪೋರ್ಟ್ ತೆಗೆಯಿರಿ. ಸಿಬಿಲ್ ಒಂದೇ ಅಲ್ಲ. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಅಂತ ಇನ್ನೂ ಮೂರಿವೆ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪ್ರತಿ ಕಡೆಯಿಂದ ಪುಕ್ಕಟೆ. ಸಣ್ಣ ಆಪ್ ಸಾಲಗಳು ಒಂದರಲ್ಲಿ ಕಂಡು ಇನ್ನೊಂದರಲ್ಲಿ ಕಾಣದೆ ಇರಬಹುದು. ನನ್ನ ಮೂರನೆಯದು ಸಿಬಿಲ್‌ನಲ್ಲಿ ಇರಲೇ ಇಲ್ಲ.

ರಿಪೋರ್ಟಿನಲ್ಲಿ ಸಾಲ ಕೊಟ್ಟ ಕಂಪನಿಯ ಹೆಸರಿರುತ್ತೆ. ಆಪ್‌ನ ಹೆಸರೇ ಬೇರೆ, ಹಿಂದಿರುವ ಫೈನಾನ್ಸ್ ಕಂಪನಿಯೇ ಬೇರೆ. ಪತ್ರ ಬರೆಯಬೇಕಾದದ್ದು ಆ ಕಂಪನಿಯ ದೂರು ಅಧಿಕಾರಿಗೆ. ಸಾಲ ನನ್ನದಲ್ಲ ಅಂತ ಗೋಳಾಡಬೇಡಿ, ಮೂರು ಕಾಗದ ಕೇಳಿ. ಸಾಲದ ಕರಾರು ಪತ್ರ. ಕೆವೈಸಿಗೆ, ಅಂದರೆ ಗುರುತಿಗೆ, ಕೊಟ್ಟ ದಾಖಲೆ. ಹಣ ಹಾಕಿದ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ ಅನ್ನುವ ಮಾಹಿತಿ. ಮೂರನೆಯದರಲ್ಲಿ ಬಣ್ಣ ಬಯಲಾಗುತ್ತೆ. ನನ್ನ ಸಾಲದ ಹಣ ಹೋದ ಖಾತೆ ಬೇರೆ ರಾಜ್ಯದಲ್ಲಿತ್ತು, ನಾನು ಆ ಊರಿನ ಹೆಸರೇ ಕೇಳಿರಲಿಲ್ಲ.

ಅದರ ಜೊತೆಗೇ ಸಿಬಿಲ್ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್, ಅಂದರೆ ಈ ಸಾಲ ನನ್ನದಲ್ಲ ಅಂತ ತಕರಾರು, ಹಾಕಿ. ದುಡ್ಡಿಲ್ಲ. 30 ದಿನದಲ್ಲಿ ಬಗೆಹರಿಸಬೇಕು. ತಡ ಆದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಇದೆ. ನಾನು ಈ ನಿಯಮವನ್ನು ಪತ್ರದ ಮೊದಲ ಪ್ಯಾರಾದಲ್ಲೇ ಬರೆದಿದ್ದೆ. ಅದಕ್ಕೇ ಬೇಗ ಆಯಿತೋ ಏನೋ, 26ನೇ ದಿನಕ್ಕೆ ತೆಗೆದರು.

ಪೊಲೀಸ್ ದೂರಿಗೆ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಠಾಣೆಗೆ ಹೋಗಿ. ಐಟಿ ಕಾಯ್ದೆ 66ಸಿ ಅಂತ ಹೇಳಿ. ಇನ್ನೊಬ್ಬರ ಗುರುತು ಕದ್ದು ಬಳಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಳ್ಳ ಸಿಗುತ್ತಾನೆ ಅಂತ ನಾನೇನೂ ಆಸೆ ಇಟ್ಟುಕೊಂಡಿಲ್ಲ. ಆದರೆ ಆ ದೂರಿನ ಪ್ರತಿ ಇಲ್ಲದೆ ಕಂಪನಿಯವರು ಮಾತೇ ಆಡುವುದಿಲ್ಲ.

ನಿಮ್ಮ ಯಜಮಾನರ ಸಿಮ್‌ದು ಸುಲಭ. ಸಂಚಾರ ಸಾಥಿಯಲ್ಲೇ ಆ ನಂಬರ್‌ಗಳ ಮುಂದೆ "ಇದು ನನ್ನದಲ್ಲ" ಅಂತ ಒತ್ತಿ. ಒಬ್ಬರಿಗೆ ಒಂಬತ್ತು ಸಿಮ್‌ವರೆಗೆ ಅವಕಾಶ ಇರುವುದರಿಂದ ಎರಡು ಜಾಸ್ತಿ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ನಾವೇ ನೋಡಬೇಕು. ಇದನ್ನು ಸಾಲಕ್ಕಿಂತ ಮೊದಲೇ ಮಾಡಿ. ಆ ಸಿಮ್‌ನಿಂದ ಇನ್ನೊಬ್ಬರಿಗೆ ಮೋಸ ಆದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ.

ನ್ಯೂಜೆರ್ಸಿ ಕನ್ನಡಿಗ:

ಇಲ್ಲಿ 2017ರಲ್ಲಿ ಇಕ್ವಿಫ್ಯಾಕ್ಸ್‌ನಿಂದಲೇ ಸುಮಾರು 14.7 ಕೋಟಿ ಜನರ ಮಾಹಿತಿ ಕದ್ದಿದ್ದರು. ಮಾರನೇ ವರ್ಷದಿಂದ ಕ್ರೆಡಿಟ್ ಫ್ರೀಜ್ ಎಲ್ಲರಿಗೂ ಪುಕ್ಕಟೆ ಆಯಿತು. ನಮ್ಮ ಫೈಲಿಗೆ ಬೀಗ ಹಾಕಿದ ಹಾಗೆ, ತೆಗೆಯುವವರೆಗೆ ಯಾರೂ ಹೊಸ ಸಾಲ ಎತ್ತಲಾಗುವುದಿಲ್ಲ. ನನ್ನ ಎಂಟು ವರ್ಷದ ಮಗಳದ್ದಕ್ಕೂ ಹಾಕಿದ್ದೇನೆ. ಆದರೆ ಮೈಸೂರಿನಲ್ಲಿರುವ ಅಪ್ಪ ಅಮ್ಮನ ಆಧಾರ್‌ಗೆ ಯಾವ ನಂಬರ್ ಇದೆ ಅಂತ ಈ ಪೋಸ್ಟ್ ಓದುವವರೆಗೆ ಯೋಚಿಸಿರಲಿಲ್ಲ. ಈಗ ಫೋನ್ ಮಾಡಿ ಕೇಳಿದೆ. ಅಮ್ಮನದ್ದಕ್ಕೆ ನಮ್ಮ ಹಳೆಯ ಬಾಡಿಗೆದಾರರ ನಂಬರ್! ಅವತ್ತು ಅವರೇ ಜೊತೆಗೆ ಹೋಗಿ ಮಾಡಿಸಿಕೊಟ್ಟಿದ್ದರಂತೆ.

ತುಮಕೂರು ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ.

ಮ್ಯಾನೇಜರ್ ಸಾರ್ ಹೇಳಿದ ಹಾಗೆ ಕಾಗದ ಕೊಟ್ಟೆವು. ಸೀಲು ಹಾಕಲು ಮುಕ್ಕಾಲು ಗಂಟೆ ನಿಲ್ಲಿಸಿದರು. ಅತ್ತೆ ಅಲ್ಲೇ ಕುರ್ಚಿ ಎಳೆದುಕೊಂಡು ಎಲೆ ಅಡಿಕೆ ತೆಗೆದರು, ತಕ್ಷಣ ಸೀಲು ಬಿತ್ತು. ಒಂಬತ್ತನೇ ಕೆಲಸದ ದಿನ 17,500 ಖಾತೆಗೆ ಬಂದಿದೆ. ತನಿಖೆ ಮುಗಿಯುವವರೆಗೆ ತೆಗೆಯುವ ಹಾಗಿಲ್ಲ ಅಂದಿದ್ದಾರೆ. ಓಲೆ ಸ್ವಲ್ಪ ಕಾಯಬೇಕು.

ಆಧಾರ್ ಕೇಂದ್ರದಲ್ಲಿ ಕಣ್ಣು ತೋರಿಸಿ ನಂಬರ್ ಬದಲಾಯಿತು. ಈಗ ನನ್ನ ನಂಬರ್ ಇದೆ. ಹಿಸ್ಟರಿ ತೆಗೆದೆವು. ಮೊದಲನೇ ದಿನ 11 ಗಂಟೆ 20 ನಿಮಿಷಕ್ಕೆ ಬೆರಳು ಬಿದ್ದಿದೆ. ನಮ್ಮ ಫೋಟೋಗಳಲ್ಲಿ 11 ಗಂಟೆ 18 ನಿಮಿಷದ್ದು ಒಂದಿದೆ. ಅದರಲ್ಲಿ ಅತ್ತೆ ಎರಡೂ ಕೈಯಲ್ಲಿ ಮಗು ಎತ್ತಿಕೊಂಡಿದ್ದಾರೆ. ಸೆನ್ ಠಾಣೆಯಲ್ಲಿ ಆ ಫೋಟೋ ನೋಡಿದ ಪೊಲೀಸಪ್ಪನೇ ನಕ್ಕುಬಿಟ್ಟರು. ಲಾಕ್ ಆಯಿತು. ಗೃಹಲಕ್ಷ್ಮಿಯೂ ಬಂತು, ಮೈದುನ ಈಗ ಸುಮ್ಮನಾಗಿದ್ದಾನೆ.

ಹುಬ್ಬಳ್ಳಿ ಅಣ್ಣ, ನೀವು ಹೇಳಿದ ಮೂರು ಕಾಗದ ಕೇಳಿದೆ. ಎರಡು ಬಂದವು. ಕೆವೈಸಿಯಲ್ಲಿ ನನ್ನದೇ ಆ ಸೆಲ್ಫಿ, ಅದೇ ಹಸಿರು ನೈಟಿ. ಹಣ ಹೋದ ಖಾತೆ ಮಾತ್ರ ನನ್ನದಲ್ಲ. ಡಿಸ್ಪ್ಯೂಟ್ ಇನ್ನೂ ನಡೆಯುತ್ತಿದೆ, ಇವತ್ತಿಗೆ 22ನೇ ದಿನ. ಸಿಮ್ ಎರಡರಲ್ಲಿ ಒಂದು ಬಂದ್ ಆಗಿದೆ, ಇನ್ನೊಂದಕ್ಕೆ ಮತ್ತೆ ರಿಪೋರ್ಟ್ ಹಾಕಿದ್ದೇವೆ.

ಇನ್ನೊಂದು ವಿಷಯ. ಇಷ್ಟೆಲ್ಲ ಅಲೆಯುವಾಗ ಎಲ್ಲರನ್ನೂ ಬೈದೆ. ಪತ್ರ ಬರಹಗಾರರು, ಸಿಮ್ ಹುಡುಗ, ಜೆರಾಕ್ಸ್ ಅಂಗಡಿ. ಹೋದ ವಾರ ಶಾಲೆಯಲ್ಲಿ ಅಟೆಂಡರ್ ಕಡಲೆಕಾಯಿ ತಂದರು. ಪೊಟ್ಟಣ ಬಿಚ್ಚಿದರೆ ಒಳಗೆ ಯಾರದ್ದೋ ಆಧಾರ್ ಜೆರಾಕ್ಸ್. ನಮ್ಮ ಶಾಲೆಯದ್ದಲ್ಲ, ಆದರೂ ಎದೆ ಧಸಕ್ ಅಂತು. ಯಾಕೆಂದರೆ ನನ್ನ ಬೀರುವಿನ ಕೆಳಗಿನ ಖಾನೆಯಲ್ಲಿ ಆರು ವರ್ಷದಿಂದ ಸ್ಕಾಲರ್‌ಶಿಪ್‌ಗೆ, ದಾಖಲಾತಿಗೆ ಅಂತ ಮಕ್ಕಳಿಂದ ತರಿಸಿದ ಜೆರಾಕ್ಸ್‌ಗಳಿದ್ದವು. ಮಕ್ಕಳದ್ದು, ಅವರ ಅಪ್ಪ ಅಮ್ಮನದ್ದು, ಬ್ಯಾಂಕ್ ಪಾಸ್‌ಬುಕ್ಕಿನದ್ದು. ಬೀಗ ಇಲ್ಲ. ಒಂದು ಬದಿ ಖಾಲಿ ಇದೆ ಅಂತ ಅದರ ಹಿಂದೆ ನಾವೇ ಕಿರುಪರೀಕ್ಷೆಯ ಅಂಕ ಬರೆದುಕೊಂಡದ್ದೂ ಉಂಟು.

2022ರ ಮೇ ತಿಂಗಳಲ್ಲಿ ಆಧಾರ್‌ನವರ ಬೆಂಗಳೂರು ಕಚೇರಿಯೇ, ಕಂಡಕಂಡವರಿಗೆ ಜೆರಾಕ್ಸ್ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಕೊಡಿ ಅಂತ ಪ್ರಕಟಣೆ ಹೊರಡಿಸಿತ್ತು. ಎರಡೇ ದಿನಕ್ಕೆ, ಜನ ತಪ್ಪು ತಿಳಿದುಕೊಳ್ಳಬಹುದು ಅಂತ ಹಿಂದಕ್ಕೆ ಪಡೆದರು. ಅವತ್ತು ಸ್ಟಾಫ್ ರೂಮಿನಲ್ಲಿ ನಾವೆಲ್ಲ ನಕ್ಕಿದ್ದೆವು. ಹಿಂದೆಯೇ ಆ ಬೀರು ಇತ್ತು.

ಹೆಡ್‌ಮಾಸ್ಟರನ್ನು ಕೇಳಿ, ಬೇಕಾದವನ್ನು ಫೈಲಿಗೆ ಹಾಕಿ ಬೀಗದೊಳಗೆ ಇಟ್ಟೆವು. ಬೇಡದವು 214. ನಾನೂ ಅಟೆಂಡರೂ ಶನಿವಾರ ಮಧ್ಯಾಹ್ನ ಕೂತು ಹರಿದು, ಬಕೆಟ್ ನೀರಿನಲ್ಲಿ ನೆನೆಸಿ, ಹಿಟ್ಟಿನ ಹಾಗೆ ಕಿವುಚಿದೆವು. ಅವರಿಗೆ ಅದನ್ನು ಚೆಲ್ಲಲು ಮನಸ್ಸು ಬರಲಿಲ್ಲ. "ಮೇಡಂ, ಇದರಲ್ಲಿ ಮಕ್ಕಳ ಕೈಲಿ ಒಂದು ಗಣೇಶನ್ನ ಮಾಡಿಸಬಹುದು" ಅಂದರು. ಈಗ ಅದು ಗೋಡೆಯ ಮೇಲೆ ಒಣಗುತ್ತಿದೆ. ಸೊಂಡಿಲು ಮಾತ್ರ ನಿಲ್ಲುತ್ತಿಲ್ಲ, ಮೈದಾ ಅಂಟು ಜಾಸ್ತಿ ಹಾಕಬೇಕಂತೆ.